ಒತ್ತು ಕಳಚಿದ ಲಕ್ಷ್ಮಿ

ಕತ್ರಿಗುಪ್ಪೆಯಲ್ಲಿ ರಾತ್ರಿ ಹನ್ನೊಂದರ ಮೇಲೂ ಬೆಳಕಿರುವ ಕಿಟಕಿಗಳು ಮೂರು ಬಗೆಯವು. ಸಿಇಟಿಗೆ ಓದುವ ಮಕ್ಕಳ ಮನೆ ಒಂದು, ಹಸುಗೂಸಿರುವ ಮನೆ ಇನ್ನೊಂದು. ಮೂರನೆಯ ಬಗೆಯಲ್ಲಿ ಕೋಣೆಯ ದೀಪ ಆರಿರುತ್ತದೆ. ಲ್ಯಾಪ್‌ಟಾಪಿನ ಬೆಳಕೊಂದೇ ಯಾರದೋ ಮುಖದ ಮೇಲೆ ಬಿದ್ದಿರುತ್ತದೆ. ಮುಖ್ಯರಸ್ತೆಯ ಸೀರೆ ಅಂಗಡಿ, ಚಿನ್ನದಂಗಡಿಗಳ ಷಟರ್ ಎಳೆದು, ದರ್ಶಿನಿಯವರು ನೆಲ ತೊಳೆದು ಬಕೆಟ್ ಬೋರಲು ಹಾಕಿ, ರಿಂಗ್ ರೋಡಿನಲ್ಲಿ ಲಾರಿಗಳ ರಾಜ್ಯಭಾರ ಶುರುವಾದ ಮೇಲೆ ಈ ಮೂರನೇ ಕಿಟಕಿಯವರ ಕೆಲಸ ಶುರು. ಸರ್ವರ್‌ಗೆ ಹೊಸ ಪ್ಯಾಕೇಜು ಹಾಕುವುದು, ಹಳೆಯದನ್ನು ಕೀಳುವುದು, ಇರುವುದನ್ನು ಅಪ್‌ಗ್ರೇಡ್ ಮಾಡುವುದು ಇವೆಲ್ಲ ಊರು ಮಲಗಿದ ಮೇಲೆಯೇ ಆಗಬೇಕು. ಬಳಸುವವರು ನಿದ್ದೆಯಲ್ಲಿದ್ದಾಗ ಕೆಟ್ಟರೆ ಬೆಳಗಿನೊಳಗೆ ಸರಿಮಾಡಲು ಹೊತ್ತು ಸಿಗುತ್ತದೆ ಎಂಬುದಷ್ಟೇ ಇದರ ಹಿಂದಿನ ತತ್ವ. ನನ್ನದು ಮೂರನೇ ಬಗೆಯ ಕಿಟಕಿ.

ಈ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸುವಷ್ಟು ಕಷ್ಟ ಇನ್ನೊಂದಿಲ್ಲ. ಹಾಸನದಿಂದ ಬಂದ ಚಿಕ್ಕಪ್ಪ ಒಮ್ಮೆ ನನ್ನ ಹಿಂದೆ ನಿಂತು ಆ ಕಪ್ಪು ಪರದೆಯನ್ನೇ ನೋಡುತ್ತ, "ಇದರಲ್ಲಿ ಚಿತ್ರಗಿತ್ರ ಏನೂ ಬರಲ್ವೇನೋ?" ಎಂದರು. ಬರಲ್ಲ ಎಂದೆ. "ಸರ್ವರ್ ಅಂತೀಯಲ್ಲ, ಅದೆಲ್ಲಿದೆ?" ಮುಂಬೈಲಿ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಅಲ್ಲಯ್ಯಾ, ಐಟಿ ಸಿಟಿ ಅಂತ ಬೋರ್ಡ್ ಹಾಕ್ಕೊಂಡಿರೋದು ಬೆಂಗಳೂರು. ಕಂಪ್ಯೂಟ್ರು ಮಾತ್ರ ಮುಂಬೈಲಿ ಇಟ್ಟಿದೀರಾ?" ಸಮುದ್ರದಡಿಯ ಕೇಬಲ್‌ಗಳು ನಮ್ಮ ದೇಶದ ದಡ ಹತ್ತುವುದು ಹೆಚ್ಚಾಗಿ ಮುಂಬೈ ಮತ್ತು ಚೆನ್ನೈಗಳಲ್ಲಿ, ಹಾಗಾಗಿ ದೊಡ್ಡ ದೊಡ್ಡ ಕೇಂದ್ರಗಳೂ ಅತ್ತ ಕಡೆಯೇ ಎಂದು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಬೆಂಗಳೂರಿಗೆ ಸಮುದ್ರವಿಲ್ಲದ ಕೊರಗನ್ನು ಹೊಸ ಕಾರಣಕ್ಕಾಗಿ ಇನ್ನೊಮ್ಮೆ ಅನುಭವಿಸಿ ಮಲಗಲು ಹೋದರು.

ಆ ದೂರದ ಯಂತ್ರದೊಳಕ್ಕೆ ಹೋಗುವ ಬಾಗಿಲಿಗೆ ಎಸ್ಎಸ್ಎಚ್ ಎಂದು ಹೆಸರು. ಫಿನ್ಲೆಂಡಿನ ತಾತು ಯ್ಲೋನೆನ್ ಎಂಬಾತ 1995ರಲ್ಲಿ ಅದನ್ನು ಬರೆದ. ಅವನ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳುತ್ತಿದ್ದರಂತೆ. ಅಲ್ಲಿಯವರೆಗೆ ಪಾಸ್‌ವರ್ಡ್ ತಂತಿಯ ಮೇಲೆ ಬರಿಮೈಯಲ್ಲೇ ಓಡಾಡುತ್ತಿತ್ತು. ಒಳಗೆ ಹೋದ ಮೇಲೆ ಸಿಗುವುದು ಒಂದು ಡಾಲರ್ ಚಿಹ್ನೆ, ಅದರ ಮುಂದೆ ಮಿಟುಕುವ ಒಂದು ಗೆರೆ. ಸ್ವಾಗತವಿಲ್ಲ, ದಾರಿ ತೋರುವ ಬಾಣವಿಲ್ಲ. ಯಂತ್ರದ ಯಜಮಾನಿಕೆ ಬೇಕಾದಾಗ ಆಜ್ಞೆಯ ಮೊದಲಿಗೆ 'ಸುಡೂ' ಎಂದು ಸೇರಿಸಬೇಕು. ಮೊದಲ ಸಲ ಹಾಗೆ ಮಾಡಿದವರಿಗೆ ಎಷ್ಟೋ ಯಂತ್ರಗಳು ಮೂರು ಬುದ್ಧಿಮಾತು ಹೇಳುತ್ತವೆ: ಇನ್ನೊಬ್ಬರ ಗುಟ್ಟಿಗೆ ಬೆಲೆ ಕೊಡು, ಬೆರಳಾಡಿಸುವ ಮೊದಲು ಯೋಚಿಸು, ಅಧಿಕಾರದೊಂದಿಗೆ ಹೊಣೆಯೂ ಬರುತ್ತದೆ. ಒಂದೇ ಸಲ ಹೇಳಿ ಸುಮ್ಮನಾಗುತ್ತವೆ. ನಮ್ಮ ಮನೆತನದ ಹಿರಿಯರಲ್ಲಿ ಈ ಸಂಯಮವನ್ನು ನಾನು ಕಂಡಿಲ್ಲ.

ಹೊಸ ಸರ್ವರ್ ಎಂದರೆ ಬೆಂಗಳೂರಿನ ಬಾಡಿಗೆ ಮನೆ. ಹಿಂದಿದ್ದವರು ಫ್ಯಾನು, ಟ್ಯೂಬ್‌ಲೈಟು, ಗೀಸರ್, ಕೊನೆಗೆ ಕರ್ಟನ್ ರಾಡನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ಗೋಡೆ, ನಲ್ಲಿ, ನೆಲ ಮಾತ್ರ ನಮ್ಮದು. ನಮ್ಮ ಲ್ಯಾಪ್‌ಟಾಪಾದರೋ ಹುಟ್ಟುವಾಗಲೇ ಪೀಠೋಪಕರಣಗಳ ಸಮೇತ ಬಂದಿರುತ್ತದೆ. ಫಾಂಟು, ಚಿತ್ರ ತೋರಿಸುವ ವ್ಯವಸ್ಥೆ, ಹತ್ತಾರು ಲಿಪಿಗಳನ್ನು ಬಿಡಿಸುವ ಸಲಕರಣೆ ಎಲ್ಲವೂ ಅದರಲ್ಲಿ ಇರುತ್ತವೆ, ಇವೆ ಎಂಬುದೇ ನಮಗೆ ಗೊತ್ತಿರುವುದಿಲ್ಲ. ಸರ್ವರ್‌ನಲ್ಲಿ ಏನು ಬೇಕಿದ್ದರೂ ಹೆಸರು ಹಿಡಿದು ಕರೆಯಬೇಕು. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುವ ಪ್ರೋಗ್ರಾಮು ಸರ್ವರ್‌ನಲ್ಲಿ ಕಾಲು ಮುರಿದುಕೊಂಡು ಬೀಳುವುದಕ್ಕೆ ಅರ್ಧಕ್ಕರ್ಧ ಕಾರಣ ಇದೇ.

ಹಾಗೆ ಕರೆದಾಗ ತಂದುಕೊಡುವ ಪ್ರೋಗ್ರಾಮು ಪ್ಯಾಕೇಜ್ ಮ್ಯಾನೇಜರ್. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಡೆಬಿಯನ್ ಯೋಜನೆಯನ್ನು ಆರಂಭಿಸಿದ. ತನ್ನ ಹೆಸರಿಗೆ ಗೆಳತಿ ಡೆಬ್ರಾಳ ಹೆಸರನ್ನು ಕೂಡಿಸಿ ಇಟ್ಟ ಹೆಸರದು. ಮೊದಮೊದಲು ಒಂದು ಪ್ಯಾಕೇಜು ಹಾಕಲು ಹೋದರೆ ಅದು ಇನ್ನೊಂದನ್ನು ಕೇಳುತ್ತಿತ್ತು, ಇನ್ನೊಂದನ್ನು ಹುಡುಕಿ ತಂದರೆ ಅದು ಮತ್ತೆರಡನ್ನು ಕೇಳುತ್ತಿತ್ತು. 1999ರಲ್ಲಿ ಬಂದ ಡೆಬಿಯನ್ 2.1ರೊಂದಿಗೆ 'ಆಪ್ಟ್' ಎಂಬ ಸಲಕರಣೆ ಸೇರಿಕೊಂಡ ಮೇಲೆ ಆ ಅಲೆದಾಟ ತಪ್ಪಿತು. ನೀವು ಒಂದು ಹೆಸರು ಹೇಳಿ. ಅದಕ್ಕೆ ಬೇಕಾದವು, ಬೇಕಾದವುಗಳಿಗೆ ಬೇಕಾದವು ಎಲ್ಲವನ್ನೂ ಅದು ತಾನೇ ಲೆಕ್ಕ ಹಾಕಿ, ಇಷ್ಟು ಮೆಗಾಬೈಟ್ ಇಳಿಸುತ್ತೇನೆ, ಡಿಸ್ಕಿನಲ್ಲಿ ಇಷ್ಟು ಜಾಗ ತೆಗೆದುಕೊಳ್ಳುತ್ತೇನೆ, ಮುಂದುವರಿಯಲೇ ಎಂದು ಕೇಳುತ್ತದೆ. ಹೂಂ ಎನ್ನಲು ವೈ, ಬೇಡವೆನ್ನಲು ಎನ್. ಸುಮ್ಮನೆ ಎಂಟರ್ ಒತ್ತಿದರೂ ಹೂಂ ಎಂದೇ ಅರ್ಥ. ಈ ಆಪ್ಟ್‌ಗೆ 'ಮೂ' ಎಂದು ಆಜ್ಞೆ ಕೊಟ್ಟರೆ ಚುಕ್ಕಿ ಗೆರೆಗಳಲ್ಲಿ ಬಿಡಿಸಿದ ಒಂದು ಹಸು ಕಾಣಿಸಿಕೊಂಡು, ಇವತ್ತು ನೀನು ಅಂಬಾ ಎಂದೆಯಾ ಎಂದು ಕೇಳುತ್ತದೆ. ಬಸವನಗುಡಿಯ ನೆರೆಯಲ್ಲಿ ಇರುವವನಿಗೆ ಇದು ಅತಿ ತಮಾಷೆಯಾಗಿ ಕಾಣಲಿಲ್ಲ. ಯಂತ್ರಕ್ಕೂ ಒಂದು ನಂದಿ ಇರಲಿ ಎಂದುಕೊಂಡೆ.

ತೊಂದರೆ ಎಂದರೆ ಹೀಗೆ ತಂದುಕೊಡುವವರು ಒಬ್ಬರಲ್ಲ. ಪೈಥಾನ್‌ನವರಿಗೆ ತಮ್ಮದೇ ಉಗ್ರಾಣವಿದೆ, ಅದರಿಂದ ತರುವುದಕ್ಕೆ 2008ರಿಂದ 'ಪಿಪ್' ಇದೆ. ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ, ಪರ್ಲ್‌ನವರಿಗೆ ಇವರೆಲ್ಲರಿಗಿಂತ ಮೊದಲೇ ಸಿಪ್ಯಾನ್. ಆಪ್ಟ್ ಇಟ್ಟದ್ದರ ಮೇಲೆ ಪಿಪ್ ಬಂದು ತನ್ನದನ್ನು ಇಡುತ್ತಿತ್ತು, ಯಂತ್ರದ ಇನ್ಯಾವುದೋ ಅಂಗ ನಿಂತುಹೋಗುತ್ತಿತ್ತು. 2023ರ ಡೆಬಿಯನ್ 12ರಿಂದ ಈ ಸಲಿಗೆಗೆ ತಡೆ ಬಿದ್ದಿದೆ. ಪಿಪ್ ಈಗ, ಈ ಮನೆಗೆ ಬೇರೆ ಮೇಲ್ವಿಚಾರಕರಿದ್ದಾರೆ, ನಿನ್ನ ಸಾಮಾನು ಬೇರೆ ಕೋಣೆಯಲ್ಲಿ ಇಟ್ಟುಕೋ ಎಂದು ನಿರಾಕರಿಸುತ್ತದೆ. ಇಲ್ಲ, ಇಲ್ಲೇ ಇಡಬೇಕು ಎಂದು ಹಟ ಹಿಡಿಯುವವರು ಆಜ್ಞೆಯ ತುದಿಗೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಎಂಬ ಬಾಲವನ್ನು ಸೇರಿಸಬೇಕು. ಕೆಡಿಸು ಎಂದು ನಿನ್ನ ಕೈಯಾರೆ ಬರೆದುಕೊಡು, ಆಮೇಲೆ ಕೆಡಿಸುತ್ತೇನೆ ಎನ್ನುವ ಈ ಪ್ರಾಮಾಣಿಕತೆಯನ್ನು ನಾನು ಬೇರೆ ಯಾವ ಅರ್ಜಿಯಲ್ಲೂ ಕಂಡದ್ದಿಲ್ಲ.

ನಡುವೆ ಕರೆಂಟು. ಮನೆಯ ಯುಪಿಎಸ್ ವೈಫೈ ಡಬ್ಬಿಯನ್ನು ಉಳಿಸಿಕೊಳ್ಳುತ್ತದೆ ನಿಜ, ಆದರೆ ರಸ್ತೆ ಅಗೆಯುವವರು ಫೈಬರ್ ಕತ್ತರಿಸಿದರೆ ಯುಪಿಎಸ್ ಏನು ಮಾಡೀತು? ಪ್ಯಾಕೇಜು ಅರ್ಧ ಬಿಚ್ಚಿ, ಅರ್ಧ ಹರಡಿಕೊಂಡಿರುವಾಗ ಸಂಪರ್ಕ ತಪ್ಪಿದರೆ ಆ ಕಡೆ ಯಂತ್ರ ತ್ರಿಶಂಕುವಾಗಿ ನಿಲ್ಲುತ್ತದೆ. ಅದಕ್ಕೇ ತಿಳಿದವರು 'ಟಿಮಕ್ಸ್' ಒಳಗೆ ಕೂತು ಕೆಲಸ ಮಾಡುತ್ತಾರೆ. ನಮ್ಮ ತಂತಿ ತುಂಡಾದರೂ ಆಜ್ಞೆ ಅಲ್ಲಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಜೇಸಿಬಿ ಹೋದ ಮೇಲೆ ಮತ್ತೆ ಹೋಗಿ ಕೂಡಿಕೊಳ್ಳಬಹುದು. ಬೆಂಗಳೂರಿನಲ್ಲಿ ಇದನ್ನು ಮೊದಲ ಪಾಠವಾಗಿಯೇ ಕಲಿಸಬೇಕು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಮ್ಮ ಬಡಾವಣೆಯ ಕನ್ನಡ ಸಂಘದ ಪ್ರಮಾಣಪತ್ರದ ಕಥೆ ಹೇಳುವುದಕ್ಕೆ. ಸಂಘಕ್ಕೆ ಒಂದು ಪುಟ್ಟ ಜಾಲತಾಣವಿದೆ. ಅದನ್ನು ಕಟ್ಟಿಕೊಟ್ಟ ಹುಡುಗ ಈಗ ಜರ್ಮನಿಯಲ್ಲಿದ್ದಾನೆ. ಅದರ ಬೀಗದ ಕೈ ನನಗೆ ಬಂತು. ಪ್ರತಿ ನವೆಂಬರಿನಲ್ಲಿ ಮಕ್ಕಳಿಗೆ ಕೈಬರಹದ ಸ್ಪರ್ಧೆ. ಭಾಗವಹಿಸಿದವರಿಗೆಲ್ಲ ಅಚ್ಚುಕಟ್ಟಾದ ಪ್ರಮಾಣಪತ್ರ ಕೊಡಬೇಕು, ಅಚ್ಚು ಹಾಕಿಸುವ ಖರ್ಚು ಬೇಡ, ಪೋಷಕರ ವಾಟ್ಸ್ಯಾಪಿಗೆ ಹೋದರೆ ಸಾಕು ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದರು. ಪೈಥಾನ್‌ನಲ್ಲಿ ಚಿತ್ರಗಳನ್ನು ಬರೆಯುವುದಕ್ಕೆ ಪಿಲ್ಲೋ ಎಂಬ ಲೈಬ್ರರಿ ಇದೆ. ಸ್ವೀಡನ್ನಿನ ಫ್ರೆಡ್ರಿಕ್ ಲುಂಡ್ 1990ರ ದಶಕದಲ್ಲಿ ಬರೆದ ಲೈಬ್ರರಿಯೊಂದರಿಂದ ಕವಲೊಡೆದು ಬಂದದ್ದು. ಖಾಲಿ ಪ್ರಮಾಣಪತ್ರದ ಚಿತ್ರದ ಮೇಲೆ ಇಂಥ ಜಾಗದಲ್ಲಿ, ಇಂಥ ಫಾಂಟಿನಲ್ಲಿ, ಇಂಥ ಹೆಸರು ಬರೆ ಎಂದರೆ ಬರೆಯುತ್ತದೆ. ಫಾಂಟಿಗೇನೂ ಬರವಿಲ್ಲ, ಡೆಬಿಯನ್ ಉಗ್ರಾಣದಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಹಕ್ಕಿಗಳು ವರ್ಷಗಳಿಂದ ಕೂತಿವೆ, ಆಪ್ಟ್‌ಗೆ ಹೇಳಿದರೆ ಹಾರಿ ಬರುತ್ತವೆ. ಲ್ಯಾಪ್‌ಟಾಪಿನಲ್ಲಿ ಹೆಸರುಗಳು ಮುದ್ದಾಗಿ ಬಂದವು. ಸರ್ವರ್‌ಗೆ ಏರಿಸಿ, ಪಿಪ್‌ನಿಂದ ಪಿಲ್ಲೋ ಹಾಕಿ, ಓಡಿಸಿ, ಮಾದರಿಗೆ ಒಂದನ್ನು ಸ್ಪರ್ಧೆಯ ತೀರ್ಪುಗಾರರಾದ ಮೇಷ್ಟ್ರಿಗೆ ಕಳಿಸಿದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ನಮ್ಮ ಹಿಂದಿನ ರಸ್ತೆಯಲ್ಲೇ ಮನೆ.

ಮೇಷ್ಟ್ರು ವಾಟ್ಸ್ಯಾಪಿನಲ್ಲಿ ಉತ್ತರಿಸಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಂಡು, ಸ್ವತಃ ಬಂದರು. ಲಕ್ಷ್ಮಿ ಎಂದು ಇರಬೇಕಾದಲ್ಲಿ 'ಲಕ್‌ಷ್‌ಮಿ' ಎಂದಿತ್ತು. ಕರ್ನಾಟಕ 'ಕರ್‌ನಾಟಕ' ಆಗಿತ್ತು. ಸ್ಪರ್ಧೆ 'ಸ್‌ಪರ್‌ಧೆ'.

"ಕೈಬರಹದ ಸ್ಪರ್ಧೆ ಕಣಯ್ಯ ಇದು," ಎಂದರು. "ಮಕ್ಕಳು ಒತ್ತಕ್ಷರ ಸರಿಯಾಗಿ ಬರೆದ್ರು ಅಂತ ನಾವು ಒತ್ತಕ್ಷರ ತಪ್ಪಾಗಿ ಬರೆದು ಕೊಡೋದಾ?"

ಸರ್ವರ್‌ನ ಲಾಗ್ ತೆರೆದು ನೋಡಿದೆ. ಒಂದು ಎರರ್ ಇಲ್ಲ, ಒಂದು ಎಚ್ಚರಿಕೆಯೂ ಇಲ್ಲ. ಯಂತ್ರದ ಲೆಕ್ಕದಲ್ಲಿ ಕೆಲಸ ಸಾಂಗವಾಗಿ ಮುಗಿದಿತ್ತು. ಅಲ್ಲಿ ಏನೋ ತಪ್ಪಿದೆ ಎಂದು ಹೇಳಬಲ್ಲ ಸಲಕರಣೆ ಆ ಹೊತ್ತಿಗೆ ಜಗತ್ತಿನಲ್ಲಿ ಒಂದೇ ಇತ್ತು, ಅದು ಮೇಷ್ಟ್ರ ಕಣ್ಣು. ಇಂಗ್ಲಿಷ್ ಮಾತ್ರ ಬಲ್ಲ ಎಂಜಿನಿಯರ್ ಒಬ್ಬ ಆ ಚಿತ್ರವನ್ನು ನೋಡಿದ್ದರೆ ಕನ್ನಡ ಅಕ್ಷರ ಬಂದಿದೆಯಲ್ಲ, ಮುಂದೇನು ಎನ್ನುತ್ತಿದ್ದ. ಬಸ್ಸಿನ ಬೋರ್ಡುಗಳಲ್ಲಿ, ನೋಟಿಸುಗಳಲ್ಲಿ, ಬಿಲ್ಲುಗಳಲ್ಲಿ ಒತ್ತು ಕಳಚಿಕೊಂಡು ಬಿದ್ದ ಕನ್ನಡ ಕಂಡಾಗಲೆಲ್ಲ ನಾವು ಅಸಡ್ಡೆ ಎಂದು ಬೈಯುತ್ತೇವೆ. ಅಸಡ್ಡೆಯೇ ಇರಬಹುದು. ಆದರೆ ಬಹಳ ಸಲ ಅಲ್ಲಿ ನಡೆದಿರುವುದು ಇಷ್ಟು: ಯಂತ್ರ ಎಲ್ಲ ಸರಿ ಎಂದಿದೆ, ಎದುರಿಗೆ ಕೂತವರಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ.

ಕಾರಣ ಹುಡುಕುವಾಗ ತಿಳಿಯುವ ಸಂಗತಿ ಸ್ವಾರಸ್ಯದ್ದು. 1991ರ ಮೊದಲ ಯೂನಿಕೋಡಿನಿಂದಲೂ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಇದೆ. ಅದರಲ್ಲಿ ಒತ್ತಕ್ಷರಗಳಿಗೆ ಮನೆ ಇಲ್ಲ. ಲಕ್ಷ್ಮಿ ಎಂದರೆ ಕಂಪ್ಯೂಟರಿಗೆ ಏಳು ಸಂಕೇತಗಳು: ಲ, ಕ, ಒಂದು ವಿರಾಮ ಚಿಹ್ನೆ, ಷ, ಮತ್ತೊಂದು ವಿರಾಮ ಚಿಹ್ನೆ, ಮ, ಕೊನೆಗೊಂದು ಗುಡಿಸು. ಇವನ್ನು ಹಾಗೆಯೇ ಸಾಲಾಗಿ ಬರೆದರೆ ಮೇಷ್ಟ್ರು ಸುತ್ತು ಹಾಕಿದ್ದು ಬರುತ್ತದೆ. ಎಲ್ಲಿ ಷ ಕೆಳಗಿಳಿಯಬೇಕು, ಎಲ್ಲಿ ಮ ಅದಕ್ಕೂ ಕೆಳಗೆ ಹೋಗಬೇಕು, ಎಲ್ಲಿ ಮುಂದೆ ನಿಂತ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಬೇರೆಯೇ ಒಂದು ಲೈಬ್ರರಿ ಬೇಕು. ಅದರ ಹೆಸರು ಹಾರ್ಫ್‌ಬಜ್. ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೋದ್ ಅದರ ಮುಖ್ಯ ಕರ್ತೃ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಒತ್ತಕ್ಷರ ಜಾಗದಲ್ಲಿ ಕೂತಿದೆ ಎಂದರೆ ಅದರ ಹಿಂದೆ ಇರುವುದು ಇದೇ.

ಪಿಲ್ಲೋ ನೇರವಾಗಿ ಹಾರ್ಫ್‌ಬಜ್‌ನ ಹತ್ತಿರ ಹೋಗುವುದಿಲ್ಲ, ನಡುವೆ ರಕ್ಮ್ ಎಂಬ ಇನ್ನೊಂದು ಪುಟ್ಟ ಲೈಬ್ರರಿ. ಒಮಾನ್ ದೇಶದ ಮಾಹಿತಿ ತಂತ್ರಜ್ಞಾನ ಪ್ರಾಧಿಕಾರದವರು 2015ರಲ್ಲಿ ಶುರು ಮಾಡಿದ್ದು. ಆಮೇಲೆ ಅದನ್ನು ನೋಡಿಕೊಳ್ಳುತ್ತಿರುವವರು ಈಜಿಪ್ಟಿನ ಫಾಂಟ್ ತಜ್ಞ ಖಾಲಿದ್ ಹೊಸ್ನಿ. ಸಾಲು ಬರೆಯುವ ಮೊದಲು ರಕ್ಮ್, ಇದು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಎಂದು ವಿಚಾರಿಸುತ್ತದೆ. ವಿಚಾರಿಸುವುದು ಫ್ರೈಬಿಡಿ ಎಂಬ ಲೈಬ್ರರಿಯನ್ನು. ಹೀಬ್ರೂ, ಅರಬ್ಬಿಗಳ ನಡುವೆ ಇಂಗ್ಲಿಷ್ ಬಂದಾಗ ದಿಕ್ಕು ತಪ್ಪದಿರಲಿ ಎಂದು ಇಸ್ರೇಲಿನ ಡೋವ್ ಗ್ರೋಬ್‌ಗೆಲ್ಡ್ ಅದನ್ನು ಆರಂಭಿಸಿದರು, ಮುಂದುವರಿಸಿದವರು ಅದೇ ಇರಾನಿನ ಬೆಹ್ದಾದ್. ಈ ಎರಡು ದೇಶಗಳ ಹೆಸರು ಪತ್ರಿಕೆಯ ಮುಖಪುಟದಲ್ಲಿ ಒಟ್ಟಿಗೆ ಬಂದರೆ ಸುದ್ದಿ ಒಳ್ಳೆಯದಾಗಿರುವುದಿಲ್ಲ; ಆಪ್ಟ್‌ನ ಪಟ್ಟಿಯಲ್ಲಿ ಬಂದರೆ ಚಿಂತೆಯಿಲ್ಲ.

2021ರ ವರ್ಷನ್ 8.2ರಿಂದ ಪಿಲ್ಲೋ ತನ್ನ ಗಂಟಿನಲ್ಲಿ ರಕ್ಮನ್ನೂ ಕಟ್ಟಿಕೊಂಡೇ ಬರುತ್ತದೆ. ಫ್ರೈಬಿಡಿಯನ್ನು ಮಾತ್ರ ತರುವುದಿಲ್ಲ, ಯಂತ್ರದಲ್ಲಿ ಇದ್ದರೆ ಬಳಸಿಕೊಳ್ಳುತ್ತದೆ. ಇಲ್ಲದಿದ್ದರೆ ರಕ್ಮನ್ನೇ ಬದಿಗಿಟ್ಟು, ಸದ್ದಿಲ್ಲದೆ, ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುವ ಹಳೆಯ ಪದ್ಧತಿಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಷ್ಟು ಧಾರಾಳ ಸಾಕು. ಲ್ಯಾಪ್‌ಟಾಪಿನಲ್ಲಿ ಕಿಟಕಿ, ಮೆನು ತೋರಿಸುವ ವ್ಯವಸ್ಥೆಗಾಗಿ ಫ್ರೈಬಿಡಿ ಮೊದಲೇ ಬಂದಿರುತ್ತದೆ. ಬೋಳು ಸರ್ವರ್‌ನಲ್ಲಿ ಇರುವುದಿಲ್ಲ. ಅದನ್ನು ತಂದುಕೊಡು ಎಂದು ಪಿಪ್ ಆಪ್ಟ್‌ಗೆ ಹೇಳುವಂತಿಲ್ಲ; ಇಬ್ಬರಿಗೂ ಮಾತುಕತೆ ಇಲ್ಲ.

ಪಿಲ್ಲೋವನ್ನೇ ಕೇಳಿ ವರದಿ ತರಿಸಬಹುದು. ಏನೇನು ಇದೆ, ಏನೇನು ಇಲ್ಲ ಎಂಬ ಉದ್ದನೆಯ ಪಟ್ಟಿ. ಅದರಲ್ಲಿ ರಕ್ಮ್‌ನ ಮುಂದೆ 'ಎರಡು ದಿಕ್ಕಿನ ಬರಹಕ್ಕೆ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಆಮೇಲೆ 'ಸ್ಥಾಪಿಸಿಲ್ಲ' ಎಂದು. ಕನ್ನಡಿಗ ಅದನ್ನು ಓದಿ ಏನು ಮಾಡುತ್ತಾನೆ? ನಮ್ಮದು ಎಡದಿಂದ ಬಲಕ್ಕೆ ಹೋಗುವ ಮರ್ಯಾದಸ್ಥ ಲಿಪಿ, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಮುಂದಿನ ಸಾಲಿಗೆ ಹೋಗುತ್ತಾನೆ. ಬೀಗದ ಕೈ ಬಿದ್ದಿರುವುದು ಆ ಸಾಲಿನಲ್ಲೇ. ಕನ್ನಡದ ಒತ್ತು ಕೂರಬೇಕಾದರೆ ಅರಬ್ಬಿಯ ದಿಕ್ಕು ಬಲ್ಲವರು ಮನೆಯಲ್ಲಿರಬೇಕು.

ಹಾಗೆಂದು ತಿಳಿದ ಮೇಲೆ ಬೇಕಾದದ್ದು ಒಂದು ಸಾಲು. ಸುಡೂ, ಆಪ್ಟ್, ಇನ್‌ಸ್ಟಾಲ್, ಲಿಬ್‌ಫ್ರೈಬಿಡಿ, ತುದಿಗೊಂದು ಸೊನ್ನೆ. ನೂರು ಕಿಲೋಬೈಟೂ ಇಲ್ಲದ ಸಾಮಾನು. ಆಪ್ಟ್ ಈ ಸಲ ಮುಂದುವರಿಯಲೇ ಎಂದು ಕೂಡ ಕೇಳಲಿಲ್ಲ. ಹೇಳಿದಷ್ಟೇ ಹಾಕುವುದಾದರೆ ಅದು ಕೇಳುವುದಿಲ್ಲ, ಹೇಳದೇ ಇದ್ದದ್ದು ಜೊತೆಗೆ ಬರುವಾಗ ಮಾತ್ರ ಕೇಳುತ್ತದೆ. ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟದೆ ಮತ್ತೆ ಓಡಿಸಿದರೆ ಲಕ್ಷ್ಮಿ ಒಡವೆ ಸಮೇತ ಬಂದು ಕೂತಳು.

ಮೇಷ್ಟ್ರು ಇನ್ನೂ ಎದುರಿಗೇ ಇದ್ದರು, ಕಾಫಿ ಮುಗಿದಿತ್ತು. "ಈಗೇನು ಮಾಡ್ದೆ?"

"ಬಲದಿಂದ ಎಡಕ್ಕೆ ಬರೆಯೋದಕ್ಕೆ ಬೇಕಾದ ಲೈಬ್ರರಿ ಹಾಕ್ದೆ ಸಾರ್."

"ಬಲದಿಂದ ಎಡಕ್ಕಾ? ಯಾರು ಬರೀತಾರೆ ನಮ್ಮಲ್ಲಿ ಹಾಗೆ?" ನಾನು ಇರಾನಿನವರ, ಇಸ್ರೇಲಿನವರ, ಒಮಾನ್ ಈಜಿಪ್ಟುಗಳವರ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಇವರಲ್ಲಿ ಯಾರಿಗಾದ್ರೂ ಕನ್ನಡ ಬರತ್ತೇನಯ್ಯ?" ಬರಲಿಕ್ಕಿಲ್ಲ ಎಂದೆ. "ಮತ್ತೆ ಮ ಅಕ್ಷರಕ್ಕೆ ಒತ್ತು ಹೇಗಿರತ್ತೆ ಅಂತ ಹೇಗೆ ಗೊತ್ತಾಯ್ತು?" ಒತ್ತಿನ ಆಕಾರ ಫಾಂಟಿನಲ್ಲಿದೆ, ಅದನ್ನು ಬರೆದವರು ನಮ್ಮವರೇ, ಎಲ್ಲಿ ಕೂರಬೇಕು ಎನ್ನುವ ನಿಯಮ ಮಾತ್ರ ಅವರದ್ದು ಎಂದೆ. ಸಂಧಿ ಯಾರದೋ, ಪದ ಯಾರದೋ ಅನ್ನು ಎಂದು ಎದ್ದು ಹೋದರು.

ಮುಖ್ಯರಸ್ತೆಯ ಡಿಟಿಪಿ ಅಂಗಡಿಯವರಿಗೆ ಈ ಕಥೆ ಹೇಳಿದಾಗ ಅವರು ನಕ್ಕರು. "ಅದಕ್ಕೇ ಸಾರ್ ನಾವು ನುಡಿ ಬಿಟ್ಟಿಲ್ಲ." ಅವರ ಮಾತಿನಲ್ಲಿ ಹುರುಳಿದೆ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಹಳೆಯ ಪದ್ಧತಿಯಲ್ಲಿ ಫಾಂಟಿನೊಳಗೆ ಒಂದೊಂದು ಒತ್ತಿಗೂ ಪ್ರತ್ಯೇಕ ಮನೆ ಇತ್ತು. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಎಫ್ ಒತ್ತಿ ಮುಂದಿನ ಅಕ್ಷರ ಒತ್ತಿದರೆ ಒತ್ತು ಮೂಡುತ್ತದೆ; ಬೆರಳಿನ ಮಟ್ಟದಲ್ಲಿ ಅದು ಇಂದಿಗೂ ಹಾಗೇ ಇದೆ. ಆದರೆ ಹಳೆಯ ಕಡತದಲ್ಲಿ ಉಳಿಯುತ್ತಿದ್ದದ್ದು ಮೂಡಿದ ಆಕಾರವೇ. ಆಕಾರವೇ ಕಡತದಲ್ಲಿರುವಾಗ ಅದನ್ನು ಜೋಡಿಸಿಕೊಡಲು ಒಮಾನಿನವರ ಹಂಗು ಬೇಕಿರಲಿಲ್ಲ. ಬದಲಿಗೆ ಫಾಂಟಿನ ಹಂಗಿತ್ತು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಇಡೀ ಕಡತ ರೋಮನ್ ಅಕ್ಷರಗಳ ಕಸದ ರಾಶಿ, ಅದರಲ್ಲಿ ಒಂದು ಹೆಸರು ಹುಡುಕಿ ತೆಗೆಯುವುದೂ ಪ್ರಯಾಸ. ನನ್ನ ಮಟ್ಟಿಗೆ ಹೇಳುವುದಾದರೆ ಒತ್ತು ಕಳಚಿದ ಲಕ್ಷ್ಮಿಯೇ ವಾಸಿ. ಅವಳು ಲಕ್ಷ್ಮಿ ಎಂದು ಓದಲು ಬರುತ್ತದೆ, ಹುಡುಕಿದರೆ ಸಿಗುತ್ತಾಳೆ.

ಹಂಗಿನ ಮಾತು ಬಂತು. ನಾವು ವೈ ಒತ್ತಿದಾಗಲೆಲ್ಲ ಯಾರದೋ ಹಂಗಿಗೆ ಬೀಳುತ್ತೇವೆ. 2016ರ ಮಾರ್ಚ್ 22ರಂದು ಅಝೆರ್ ಕೊಚುಲು ಎಂಬಾತ ಹೆಸರಿನ ತಕರಾರೊಂದರಲ್ಲಿ ಬೇಸತ್ತು ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂ ಉಗ್ರಾಣದಿಂದ ಹಿಂತೆಗೆದುಕೊಂಡ. ಅದರಲ್ಲೊಂದು ಲೆಫ್ಟ್‌ಪ್ಯಾಡ್, ಹನ್ನೊಂದು ಸಾಲಿನದು, ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನೆಚ್ಚಿಕೊಂಡವರನ್ನು ನೆಚ್ಚಿಕೊಂಡಿದ್ದ ಸಾವಿರಾರು ಯೋಜನೆಗಳು ನಿಂತುಹೋದವು. ಕೆಲವು ಗಂಟೆಗಳಲ್ಲಿ ಉಗ್ರಾಣದವರು ಅದನ್ನು ತಾವೇ ಮರಳಿ ಇಡಬೇಕಾಯಿತು. 2024ರದ್ದು ಇದಕ್ಕಿಂತ ಗಾಬರಿ ಹುಟ್ಟಿಸಿದ್ದು. ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿಕೊಟ್ಟು, ನಂಬಿಕೆ ಗಳಿಸಿ, ಕೊನೆಗೆ ಎಸ್ಎಸ್ಎಚ್ ಬಾಗಿಲಿಗೇ ಕಳ್ಳಗಂಡಿ ಕೊರೆದಿದ್ದರು. ಲಾಗಿನ್ ಆಗುವಾಗ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಲೆಕೆಡಿಸಿಕೊಂಡು ಅಗೆದದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಇಲ್ಲದಿದ್ದರೆ ಆಮೇಲಿನ ಯಾವುದೋ ರಾತ್ರಿ ನಾವೆಲ್ಲ ವೈ ಒತ್ತಿ ಅದನ್ನು ಬರಮಾಡಿಕೊಳ್ಳುತ್ತಿದ್ದೆವು. ಅಲ್ಲೂ ಯಂತ್ರದ ಮಟ್ಟಿಗೆ ಎಲ್ಲ ಸರಿಯಾಗಿತ್ತು. ಅರ್ಧ ಸೆಕೆಂಡು ಸಹಿಸದ ಒಬ್ಬ ಮನುಷ್ಯ ಬೇಕಾಯಿತು.

ಹಾಗೆಂದು ಬರುವ ಪ್ರತಿಯೊಂದು ಪ್ಯಾಕೇಜನ್ನೂ ಬಿಚ್ಚಿ ಓದಿ ಹಾಕುತ್ತೇನೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಯಾರಿಗೂ ಅಷ್ಟು ಆಯುಷ್ಯವಿಲ್ಲ. ವರ್ಷನ್ ಸಂಖ್ಯೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಇವತ್ತು ಓಡಿದ್ದು ನಾಳೆಯೂ ಹೀಗೇ ಓಡಲಿ ಎಂದು ಮೊಳೆ ಹೊಡೆಯುವುದು ಒಂದು ಪಂಥ. ಭದ್ರತೆಯ ತೇಪೆ ಬಂದ ಕೂಡಲೇ ತಾನಾಗಿ ಹಚ್ಚಿಕೊಳ್ಳಲಿ ಎಂದು ಬಿಡುವುದು ಇನ್ನೊಂದು. ಸಂಘದ ಸರ್ವರ್‌ನಲ್ಲಿ ಎರಡೂ ಇವೆ. ಪಿಪ್‌ನದ್ದಕ್ಕೆ ಮೊಳೆ, ಆಪ್ಟ್‌ನದ್ದಕ್ಕೆ ತೇಪೆ. ಲಿಬ್‌ಫ್ರೈಬಿಡಿಯ ಹೆಸರನ್ನು ಸ್ಥಾಪನೆಯ ಟಿಪ್ಪಣಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ಪಕ್ಕದಲ್ಲಿ ಕಾರಣವಾಗಿ 'ಮೇಷ್ಟ್ರು' ಎಂದಿಷ್ಟೇ ಇದೆ. ಮುಂದೆ ಬೀಗದ ಕೈ ಯಾರ ಕೈಗೆ ಹೋಗುತ್ತದೋ ಅವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಆದರೆ ಹೆದರಿಕೆಯಾದರೂ ಇರುತ್ತದೆ.

ಪ್ರಮಾಣಪತ್ರಗಳು ಹೋದವು. ಪೋಷಕರು ಸ್ಟೇಟಸ್ಸಿಗೆ ಹಾಕಿಕೊಂಡರು. ಮುಗಿಯಿತು ಎಂದುಕೊಂಡರೆ ಮೇಷ್ಟ್ರು ಮತ್ತೆ ಬಂದರು. ದೊಡ್ಡವರಿಗೆ ಹಳಗನ್ನಡ ವಾಚನದ ಸ್ಪರ್ಧೆ ಇಡುತ್ತಾರಂತೆ. "ನಿನ್ನ ಯಂತ್ರಕ್ಕೆ ೞ ಬರತ್ತಾ?" ಕೇಶಿರಾಜ ಅಷ್ಟು ಮುತುವರ್ಜಿಯಿಂದ ವಿಚಾರಿಸಿದ ಅಕ್ಷರ, ಏೞು ಎಂದು ಬರೆಯುವಲ್ಲಿ ಏಳು ಎಂದು ಬಂದರೆ ತಾವು ಸಹಿ ಹಾಕುವುದಿಲ್ಲ ಎಂದರು. ಸರ್ವರ್‌ಗೆ ನೋಟೋ ಫಾಂಟ್ ಹಾಕಿ ನೋಡಿದೆ. ೞ ಠೀವಿಯಿಂದ ಬಂತು. ಖಾತ್ರಿಗೆಂದು ಪೈಥಾನ್‌ನಲ್ಲಿ ಆ ಅಕ್ಷರವನ್ನು ಕೊಟ್ಟು, ಯೂನಿಕೋಡಿನಲ್ಲಿ ಇದರ ಹೆಸರೇನು ಎಂದು ಕೇಳಿದೆ. ಪರದೆಯ ಮೇಲೆ ಬಂದ ಉತ್ತರ: 'ಕನ್ನಡ ಲೆಟರ್ ಎಫ್ಎ'.

"ಏನಂತೆ?"

"ಫ ಅಂತೆ ಸಾರ್."

ಮೇಷ್ಟ್ರು ಪರದೆಗೆ ಮೂಗು ತಾಗುವಷ್ಟು ಬಾಗಿದರು. "ಫ? ಯಾವ ಫ? ಫಕೀರಪ್ಪನ ಫ?" ಯೂನಿಕೋಡಿನ ಪಟ್ಟಿ ಮಾಡುವಾಗ ಆದ ತಪ್ಪು ಅದು, ಅವರೂ ತಪ್ಪೆಂದು ಒಪ್ಪಿದ್ದಾರೆ, ಆದರೆ ತಿದ್ದುವಂತಿಲ್ಲ ಎಂದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮ. ಆ ಹೆಸರನ್ನು ನೆಚ್ಚಿಕೊಂಡು ಯಾವ ದೇಶದಲ್ಲಿ ಯಾರು ಯಾವ ಪ್ರೋಗ್ರಾಮು ಬರೆದಿದ್ದಾರೋ, ಬದಲಿಸಿದರೆ ಅದು ನಿಂತುಹೋದೀತು. ಹಾಗಾಗಿ ಪಕ್ಕದಲ್ಲಿ ಸರಿಯಾದ ಹೆಸರೊಂದನ್ನು ಉಪನಾಮವಾಗಿ ಕೊಟ್ಟಿದ್ದಾರೆ. ಆ ಸರಿಯಾದ ಹೆಸರಿನಿಂದ ಕರೆದು ತೋರಿಸಿದೆ, ೞ ಬಂತು. ನೀನು ಯಾರು ಎಂದು ಮತ್ತೆ ಕೇಳಿದೆ. ಫ ಎಂದಿತು.

ಮೇಷ್ಟ್ರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಕರೆದ್ರೆ ಬರತ್ತಲ್ಲ, ಬರಲಿ ಬಿಡು. ಹೆಸರು ಕೇಳೋಕೆ ಹೋಗ್ಬೇಡ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಹಾಂ, ಆ ಪ್ರಮಾಣಪತ್ರದ ಕೆಳಗಡೆ ಕಾರ್ಯದರ್ಶಿ ಅಂತ ಇದೆಯಲ್ಲ, ಅದರಲ್ಲಿ ಅರ್ಕಾವತ್ತು ಎರಡು ಬರಬೇಕು. ಎರಡೂ ಬಂದಿದೆಯಾ ನೋಡು."